ನೂರನೆಯ ಅಪರಿಚಿತ

ರಾಮದುರ್ಗದ ಫಾರೂಕನಿಗೆ ಆ ದಿನ ಬೇಕಾಗಿದ್ದದ್ದು ಗುರುತಿಲ್ಲದ ಒಬ್ಬನೇ ಒಬ್ಬ ಮನುಷ್ಯ. ಅದೂ ಸಂಜೆ ಆರರೊಳಗೆ.

ಕಾರಣ ಸಣ್ಣದು. ದುಬೈಯಿಂದ ಎರಡು ತಿಂಗಳ ರಜೆಗೆ ಬಂದಿದ್ದ ಅಕ್ಕನ ಗಂಡ ರಮೀಜ ತನ್ನ ಕ್ಯಾಮೆರಾವನ್ನು ಬಳಸಲು ಕೊಟ್ಟಿದ್ದ. ಫಾರೂಕ್ ಮುತ್ತಪ್ಪನ ಸೈಬರ್ ಕೆಫೆಯಲ್ಲಿ ಕೂತು, ಫೋಟೊ ಹಂಚಿಕೊಳ್ಳುವ ಒಂದು ವೆಬ್‌ಸೈಟಿನಲ್ಲಿ ಬೆಳಕು ನೆರಳಿನ ಪಾಠ ಕಲಿತ. ಅಲ್ಲಿ ‘ನೂರು ಅಪರಿಚಿತರು’ ಎಂಬ ಗುಂಪಿತ್ತು. ಪೂರಾ ಗುರುತಿಲ್ಲದವರನ್ನು ತಡೆದು, ಒಪ್ಪಿಗೆ ಪಡೆದು, ಹೆಸರು ಬರೆದುಕೊಂಡು ಫೋಟೊ ತೆಗೆಯಬೇಕು. ಮೊದಲು ನೂರು ಮುಟ್ಟಿದವರಿಗೆ ಗುಂಪಿನ ಹಿರಿಯರೊಬ್ಬರು ತಮ್ಮ ಹಳೆಯ ಕ್ಯಾಮೆರಾವನ್ನು ಅಂಚೆಯಲ್ಲಿ ಕಳಿಸುವವರಿದ್ದರು.

ಸವದತ್ತಿ ಗುಡ್ಡದ ಜಾತ್ರೆಗೆ ಬಂದುಹೋದ ಮಹಾರಾಷ್ಟ್ರದ ಭಕ್ತರ ದಯೆಯಿಂದ ಫಾರೂಕ್ ತೊಂಬತ್ತೊಂಬತ್ತಕ್ಕೆ ಬಂದು ನಿಂತಿದ್ದ. ಅಷ್ಟಕ್ಕೇ ಬಂದು ನಿಂತವನು ಇನ್ನೊಬ್ಬನಿದ್ದ. ‘ನೋಮ್ಯಾಡ್’ ಎಂದು ಹೆಸರು ಹಾಕಿಕೊಂಡವನು. ಯಾವುದೋ ದೊಡ್ಡ ಪಟ್ಟಣದವನಿರಬೇಕು. ಅಲ್ಲಿ ಪಕ್ಕದ ಮನೆಯವರೂ ಅಪರಿಚಿತರಂತೆ. ಪುಣ್ಯವಂತ.

ರಮೀಜ ಆರರ ಬಸ್ಸಿಗೆ ಹೊರಡುತ್ತಾನೆ. ಕ್ಯಾಮೆರಾವೂ ಹೊರಡುತ್ತದೆ.

ಫಾರೂಕನ ಕಷ್ಟಕ್ಕೆ ಮೂಲ ಅವನ ತಂದೆ. ಮೀರಾಸಾಬ ಮೂವತ್ತು ವರ್ಷ ಬಳೆಯ ಗಂಟು ಹೊತ್ತು ಊರೂರು ತಿರುಗಿದವನು. ಅವನು ಹಿಡಿಯದ ಮುಂಗೈ ಈ ಸೀಮೆಯಲ್ಲಿ ಇರಲಿಲ್ಲ. ಬಳೆ ಇಡಿಸಿಕೊಳ್ಳುವುದು ನಿಂತುಹೋದ ಕೈಗಳೂ ಇದ್ದವು. ಅವುಗಳ ಮುಂದೆ ಕ್ಯಾಮೆರಾ ಎತ್ತಲು ಫಾರೂಕನಿಗೆ ಧೈರ್ಯ ಇರಲಿಲ್ಲ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಟಕೋಳದ ಬಸ್ಸಿನಿಂದ ಹೆಂಗಸೊಬ್ಬಳು ಇಳಿದಳು. ಇವಳನ್ನು ಕಂಡದ್ದೇ ಇಲ್ಲ ಎಂದು ಫಾರೂಕ್ ಹತ್ತಿರ ಹೋದ.

“ಅಕ್ಕಾರ, ನಿಮ್ದೊಂದು ಫೋಟೊ ತಗೀಲ್ಯಾ?”

ಅವಳು ಕಣ್ಣು ಕಿರಿದು ಮಾಡಿದಳು. “ಮೂಗ ನೋಡಿದ್ರ... ಬಳಿಗಾರ ಮೀರಾಸಾಬನ ಮಗಾ ಅಲ್ಲೇನೋ ನೀ? ನಾ ರಾಯವ್ವ. ನನ್ನ ಮದವಿ ಬಳಿ ಇಟ್ಟಾಂವ ನಿಮ್ಮಪ್ಪನ. ಎಲ್ಲಿ ಅದಾನ? ಹೋದ ಸಲ ಕೊಟ್ಟ ಹಸರು ಬಳಿ ಎರಡ ದಿನಕ್ಕ ಒಡದ್ವು. ಹೇಳ ಅವಂಗ!”

ಗಂಡಸರನ್ನು ಹಿಡಿದರೂ ಅದೇ ಕತೆ. ಅವರ ಹೆಂಡಿರ ಕೈಯಲ್ಲಿ ಅವನಪ್ಪನದೇ ಬಳೆ. ಹನ್ನೊಂದಾಗುವಷ್ಟರಲ್ಲಿ ಫಾರೂಕನ ಚೀಟಿಯಲ್ಲಿ ಬಳೆಯ ಆರು ದೂರು, ನಾಲ್ಕು ಅಳತೆ ಇದ್ದವು. ಅಪರಿಚಿತರು ಸೊನ್ನೆ.

ತೊರಗಲ್ಲಿನ ಕೋಟೆ ನೋಡಲು ಹೊರಗಿನವರು ಬರುತ್ತಾರೆ ಎಂದು ನೆನಪಾಗಿ ಟೆಂಪೊ ಹತ್ತಿದ. ಬಾಗಿಲ ಬಳಿ ನೆರಳಲ್ಲಿ ಒಬ್ಬ ಮುದುಕ ಕೂತಿದ್ದ. ಫಾರೂಕ್ ಹೆಸರು ಕೇಳಿದ. “ಬೀರಪ್ಪ,” ಎಂದ ಮುದುಕ. ಫಾರೂಕ್ ಹೆಸರು ಬರೆದುಕೊಂಡು ಕ್ಯಾಮೆರಾ ಎತ್ತಿ ಒತ್ತಿದ. ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಬೀರಪ್ಪ ಅಂದ: “ಮೀರಾಸಾಬ ಆರಾಮ ಅದಾನಿಲ್ಲೋ?”

ಅದಕ್ಕಿಂತ ಕೆಟ್ಟದ್ದು ಹಿಂದೆಯೇ ಬಂತು. ಹೆಸರು ಬರೆದು ಫೋಟೊ ತೆಗೆದದ್ದನ್ನು ಎದುರು ಮನೆಯ ಕಾಡವ್ವ ನೋಡಿದ್ದಳು.

“ಏ ಬರ್ರೇ ಎಲ್ಲಾರೂ! ರೇಶನ್ ಕಾರ್ಡಿನ ಫೋಟೊ ತಗ್ಯಾಕ ಬಂದಾರ!”

ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಊರು ಮುತ್ತಿತು. ಹೆಂಗಸರು ಸೆರಗು ಸರಿಮಾಡಿಕೊಂಡು ಸಾಲು ನಿಂತರು. ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ನೊರೆಯ ಸಮೇತ ಓಡಿ ಬಂದ.

“ಯವ್ವಾ, ನಾ ಸರಕಾರದಾಂವ ಅಲ್ರೀ. ಇದು ಕಲಿಯಾಕ ತಗಿಯೂದು.”

“ಕಲಿಯಾಕ ಬೀರಪ್ಪಂದ ಬೇಕಾತು, ನಮ್ದು ಬ್ಯಾಡೇನು?” ಕಾಡವ್ವ ಸೊಂಟಕ್ಕೆ ಕೈ ಇಟ್ಟಳು. “ಕಾರ್ಡ್ ಅವಂಗೊಬ್ಬಂಗ ಏನೋ ಭಾಡ್ಯಾ?”

ಒತ್ತದೆ ಗತಿ ಇರಲಿಲ್ಲ. ಒತ್ತಿದ, ಒತ್ತಿದ. ಮೂವತ್ತೆಂಟನೆಯ ಮುಖಕ್ಕೆ ಬ್ಯಾಟರಿಯ ಗುರುತು ಕೆಂಪಾಗಿ ಮಿಣುಕತೊಡಗಿತು. ಗಂಟೆ ನಾಲ್ಕಾಗಿತ್ತು.

ಆಗ ಕೋಟೆಯ ಗೋಡೆಯ ಮೂಲೆಯಿಂದ ಒಬ್ಬ ಬಂದ. ತಲೆಗೆ ಟೋಪಿ, ಬೆನ್ನಿಗೆ ಚೀಲ, ಬೂಟಿನ ತುಂಬ ಧೂಳು. ಸಾಲಿನಲ್ಲಿದ್ದವರು ಯಾರೂ ಅವನನ್ನು ಮಾತಾಡಿಸಲಿಲ್ಲ. ಫಾರೂಕನಿಗೆ ಈದ್ ಚಂದ್ರ ಕಂಡ ಹಾಗಾಯಿತು.

“ಸರ, ಒಂದ ಫೋಟೊ. ಹೆಸರ ಹೇಳ್ರಿ, ಸಾಕು.”

“ಬಸಯ್ಯ,” ಎಂದು ನಕ್ಕ ಅವನು.

ಫಾರೂಕ್ ಊರು ಕೇಳಲಿಲ್ಲ. ಊರು ಕೇಳಿದರೆ ನಂಟು ಹುಟ್ಟುತ್ತದೆ. ಒತ್ತಿದ. ಕ್ಯಾಮೆರಾ ಒಮ್ಮೆ ಕುಂಯ್ ಎಂದು ಪ್ರಾಣ ಬಿಟ್ಟಿತು.

“ನಿಮ್ದೂ ಒಂದು ಇರ್ಲೇಳ್ರಿ,” ಎಂದು ಬಸಯ್ಯ ಚೀಲದಿಂದ ಅಂಗೈಯಷ್ಟು ಕ್ಯಾಮೆರಾ ತೆಗೆದ. “ಹೆಸರು?”

“ಫಾರೂಕ್. ಲಗೂನ ತಗೋರಿ, ಟೆಂಪೊ ಬಿಡತೈತಿ.”

ಟೆಂಪೊ ಬಿಟ್ಟಿತು, ಬಸಯ್ಯನನ್ನು ಹತ್ತಿಸಿಕೊಂಡು. ಫಾರೂಕನ ಅಂಗಿ ಮಾತ್ರ ಕಾಡವ್ವನ ಮುಷ್ಟಿಯಲ್ಲಿತ್ತು. “ಪಾವತಿ ಕೊಡ್ದ ಹ್ಯಾಂಗ ಹೊಂಟಿ?” ಮೂವತ್ತೆಂಟು ಮಂದಿಗೆ ಚೀಟಿ ಹರಿದು, ‘ಫೋಟೊ ಮುಟ್ಟಿದೆ’ ಎಂದು ಬರೆದು, ಸಹಿ ಮಾಡಿ ಮುಂದಿನ ಟೆಂಪೊ ಹಿಡಿಯುವ ಹೊತ್ತಿಗೆ ಐದು ದಾಟಿತ್ತು.

ಬಸ್ ಸ್ಟ್ಯಾಂಡಿನಲ್ಲಿ ರಮೀಜ ಹೊಸ್ತಿಲ ಮೇಲಿನ ಬೆಕ್ಕಿನಂತೆ ಅತ್ತಿಂದಿತ್ತ ಅಡ್ಡಾಡುತ್ತಿದ್ದ. “ಕ್ಯಾಮೆರಾ ಒಯ್ದಾಂವ ನೀನೂ ಹೋದಿ ಅಂತ ಮಾಡಿದ್ನಿ!”

“ಮೆಮೊರಿ ಕಾರ್ಡ್ ಒಂದ ನನಗ ಬಿಡ್ರಿ ದುಲ್ಹಾಭಾಯಿ,” ಎಂದು ಅದನ್ನು ಕಿತ್ತುಕೊಂಡು ಫಾರೂಕ್ ಓಡಿದ.

ಮುತ್ತಪ್ಪನ ಕೆಫೆಯಲ್ಲಿ ಎರಡು ಕಂಪ್ಯೂಟರ್. ಒಂದು ಕೆಟ್ಟಿತ್ತು, ಇನ್ನೊಂದರ ಮುಂದಿನ ಬಟ್ಟೆಯ ಪರದೆ ಎಳೆದಿತ್ತು.

“ಯಾರೋ ಪರಸ್ಥಳದವರು ಕುಂತಾರ,” ಎಂದ ಮುತ್ತಪ್ಪ. “ಇಪ್ಪತ್ತ ಮಿನಿಟ್ ಆತು. ಬರೇ ಒಂದ ಫೋಟೊ ಏರಸಾಕ ಹತ್ಯಾರ. ನೆಟ್ ಇವತ್ತ ಎತ್ತಿನ ಗಾಡಿ.”

ಫಾರೂಕ್ ಬೆವರಿದ ಮುಷ್ಟಿಯಲ್ಲಿ ಕಾರ್ಡ್ ಹಿಡಿದು ಪರದೆಯ ಹೂಗಳನ್ನು ಎಣಿಸಿದ. ಎರಡು ಸಲ ಎಣಿಸಿದ. ಕೊನೆಗೆ ಪರದೆ ಸರಿಯಿತು. ಟೋಪಿ, ಚೀಲ, ಧೂಳಿನ ಬೂಟು.

“ಅರೆ, ನೀವಾ!” ಎಂದ ಬಸಯ್ಯ, ಅವನ ಕೈ ಹಿಡಿದು ಕುಲುಕಿ. “ನಿಮ್ಮ ಪುಣ್ಯಾರೀ, ನನ್ನ ಕೆಲಸ ಆತು.” ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ.

ಫಾರೂಕ್ ಕೂತು ಗುಂಪಿನ ಪುಟ ತೆರೆದ. ಚಿತ್ರ ಮೇಲಿಂದ ಕೆಳಗೆ ಒಂದೊಂದೇ ಗೆರೆಯಾಗಿ ಇಳಿಯಿತು. ಕೆದರಿದ ಕೂದಲು. ಗಾಬರಿಯ ಕಣ್ಣು. ಒಣಗಿದ ತುಟಿ. ಅವನದೇ ಮುಖ.

ಕೆಳಗೆ ನೋಮ್ಯಾಡ್ ಇಂಗ್ಲಿಷಿನಲ್ಲಿ ಬರೆದಿದ್ದ: “ನೂರು. ಫಾರೂಕ್. ನಮ್ಮ ಬೈಲಹೊಂಗಲದಲ್ಲಿ ಎಲ್ಲರೂ ಗುರುತಿನವರೇ. ಎರಡು ಬಸ್ಸು, ಒಂದು ಟೆಂಪೊ ಹತ್ತಿ ಬಂದ ಮೇಲೆ ಕಡೆಗೂ ನನ್ನನ್ನರಿಯದ ಒಬ್ಬ ಸಿಕ್ಕ.” ಅದರ ಕೆಳಗೆ ಹಿರಿಯರು ಆಗಲೇ ಅಭಿನಂದಿಸಿ ಅಂಚೆಯ ವಿಳಾಸ ಕೇಳಿದ್ದರು. ಇಂಥ ಸಹಜ ಆತಂಕವನ್ನು ತಾವು ಮುಖವೊಂದರ ಮೇಲೆ ನೋಡಿಯೇ ಇಲ್ಲ ಎಂದೂ ಸೇರಿಸಿದ್ದರು.

ಫಾರೂಕ್ ತನ್ನ ನೂರನೆಯದನ್ನು ಏರಿಸುತ್ತಿದ್ದಾಗ ಮೀರಾಸಾಬ ಮಗನನ್ನು ಹುಡುಕಿಕೊಂಡು ಬಂದ. ಪರದೆಯ ಸಂದಿಯಿಂದ ಇಣುಕಿ, ಮೂಗಿನ ತನಕ ಇಳಿದಿದ್ದ ಬಸಯ್ಯನ ಚಿತ್ರ ನೋಡಿದ.

“ಅಯ್ಯ, ಇಂವ ಬೈಲಹೊಂಗಲದ ಗುರುಬಸವ್ವನ ಮಗಾ ಬಸ್ಯಾ ಅಲ್ಲೇನು! ಮೊದಲ ಆ ಕಡೇನೂ ಗಂಟ ಹೊತ್ತ ಹೊಕ್ಕಿದ್ನಿ. ನೀನೂ ಸಂಗ್ತೀಲೆ ಬರ್ತಿದ್ದಿ. ನಾ ಬಳಿ ಇಡೂ ಮಟ ಇಬ್ರೂ ಕೂಡಿ ಗ್ವಾಲಿ ಆಡ್ತಿದ್ರಿ. ನೆನಪ ಇಲ್ಲೇನು?”

ಫಾರೂಕನ ಬೆನ್ನು ನೆಟ್ಟಗಾಯಿತು. ಅಂದರೆ ನೋಮ್ಯಾಡನ ನೂರನೆಯದು ಅಪರಿಚಿತನೇ ಅಲ್ಲ! ತಕರಾರು ಬರೆಯಲು ಕೀಲಿಮಣೆಗೆ ಬೆರಳಿಟ್ಟ. ಎರಡು ಪದ ಬರೆಯುವಷ್ಟರಲ್ಲಿ ಅವನೇ ತೆಗೆದ ನೂರನೆಯ ಚಿತ್ರ ಪೂರ್ತಿ ಇಳಿದು, ಬಸಯ್ಯ ಟೋಪಿಯ ಕೆಳಗಿನಿಂದ ಅವನತ್ತ ನೋಡಿ ನಕ್ಕ.

ಫಾರೂಕ್ ಎರಡೂ ಪದಗಳನ್ನು ಅಳಿಸಿದ.