ಬೀಗರ ಕೋಲಿಗಿಂತ ಒಂದು ಮೆಟ್ಟಿಲು ಕೆಳಗೆ

ದರ್ಜಿ: ಬೇಡ ಅಂದ್ರೆ ಬೇಡ ಸ್ವಾಮಿ! ಇದು ತುಂಬಾ ಚೆನ್ನಾಗಿದೆ. ಇದಕ್ಕಿಂತ ಸ್ವಲ್ಪ ಚೆನ್ನಾಗಿಲ್ಲದ್ದು ತೋರಿಸಿ.

ಅಂಗಡಿಯವರು: ಸಾರ್, ಮೂವತ್ತು ವರ್ಷದಿಂದ ಗಾಳದ ಕೋಲು ಮಾರ್ತಿದೀನಿ. ಚೆನ್ನಾಗಿಲ್ಲದ್ದು ಬೇಕು ಅಂತ ಹುಡುಕ್ಕೊಂಡು ಬರೋರನ್ನ ಇವತ್ತೇ ನೋಡ್ತಿರೋದು.

ದರ್ಜಿ: ಪೂರ್ತಿ ಚೆನ್ನಾಗಿಲ್ಲದ್ದು ಅಲ್ಲ. ಸ್ವಲ್ಪ.

ಅಂಗಡಿಯವರು: ಸ್ವಲ್ಪ ಅಂದ್ರೆ? ಅರ್ಧಕ್ಕೆ ಮುರಿದು ಕೊಡ್ಲಾ?

ಹೆಂಡತಿ: ರೀ, ಒಂದು ಸಲ ಬಾಯಿಬಿಟ್ಟು ಸರಿಯಾಗಿ ಹೇಳಿ. ಬಂದು ಮುಕ್ಕಾಲು ಗಂಟೆ ಆಯ್ತು. ಪಾಪ, ಗೋಡೆ ಮೇಲಿದ್ದದ್ದೆಲ್ಲ ಇಳಿಸಿದಾರೆ.

ಗೋಡೆ ನಿಜಕ್ಕೂ ಬೋಳಾಗಿತ್ತು. ಕೋಲುಗಳೆಲ್ಲ ಗಾಜಿನ ಕೌಂಟರಿನ ಮೇಲೆ ಮಲಗಿದ್ದವು. ಅಂಗಡಿಯವರದೊಂದು ಪದ್ಧತಿ: ಪ್ರತಿ ಕೋಲಿಗೂ ಒಂದರಿಂದ ಏಳರವರೆಗೆ ನಂಬರು ಬರೆದ ರಟ್ಟಿನ ಚೀಟಿ ಕಟ್ಟುತ್ತಾರೆ. ಆ ನಂಬರು ಬೆಲೆಯದಲ್ಲ, ಅವರ ಅಭಿಪ್ರಾಯದ್ದು: ಒಂದು ಎಲ್ಲಕ್ಕಿಂತ ಉತ್ತಮ, ಏಳು ಎಲ್ಲಕ್ಕಿಂತ ಕಳಪೆ. ದರ್ಜಿಯಾದರೋ ಕೆಲಸದ ಮಧ್ಯದಲ್ಲೇ ಎದ್ದು ಬಂದಿದ್ದ. ಅಳತೆಯ ಟೇಪು ಇನ್ನೂ ಕೊರಳಲ್ಲಿ ನೇತಾಡುತ್ತಿತ್ತು. ಅಂಗಡಿಯಲ್ಲಿದ್ದ ಒಂದೇ ಸ್ಟೂಲನ್ನು ಅವನ ಹೆಂಡತಿ ಹಿಡಿದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ರಬ್ಬರಿನ ಎರೆಹುಳುಗಳ ಡಬ್ಬಿಯಿಂದ ಆದಷ್ಟು ದೂರ ಕೂತಿದ್ದಳು.

ಅಂಗಡಿಯವರು: ಬಾಸ್ ಮೀನಿಗೆ ತಾನೇ ಸಾರ್?

ದರ್ಜಿ: ಬೀಗರಿಗೆ.

ಅಂಗಡಿಯವರು: ಬೀಗರನ್ನ ಹಿಡಿಯೋಕಾ?

ಹೆಂಡತಿ: ಒಂದು ಲೆಕ್ಕಕ್ಕೆ ಹೌದು ಅನ್ನಿ. ಅಂದಹಾಗೆ ಈ ಬಾಸ್ ಅಂದ್ರೆ ಎಂಥ ಮೀನು?

ಅಂಗಡಿಯವರು: ಕೆರೆ ಮೀನಮ್ಮ. ಬಾಯಿ ದೊಡ್ಡದು. ಹಸಿವಿರಲಿ ಬಿಡಲಿ, ಎದುರಿಗೆ ಏನಾದ್ರೂ ಅಲ್ಲಾಡಿದ್ರೆ ಸಾಕು, ಸಿಟ್ಟಿಗೆದ್ದು ಹಾರಿ ಕಚ್ಚುತ್ತೆ. ಕಚ್ಚಿದ ಮೇಲೆ ಬಿಡೋ ಮಾತೇ ಇಲ್ಲ, ಜಗ್ಗಿದ್ದೇ ಜಗ್ಗಿದ್ದು.

ಹೆಂಡತಿ: ನಿಮ್ಮಕ್ಕ ನೆನಪಾದ್ರು ಕಣ್ರೀ.

ದರ್ಜಿ: ಅವಳ್ಯಾಕೆ ಇಲ್ಲಿ! ಸ್ವಾಮಿ, ಕೇಳಿ. ನಮ್ಮ ಬೀಗರು ನಿಮಗೆ ಗೊತ್ತಿರಬೇಕು. ರೈಲ್ವೆ ಗಾರ್ಡ್ ಆಗಿ ನಿವೃತ್ತಿ ಆದವರು.

ಅಂಗಡಿಯವರು: ಗಾರ್ಡ್ ಸಾಹೇಬರಾ! ಗೊತ್ತಿಲ್ದೆ ಏನು? ಮಾತಾಡಿದ್ರೆ ಎರಡು ಪ್ಲಾಟ್‌ಫಾರಂ ಆಚೆ ಕೇಳಿಸಬೇಕು. ನಮ್ಮ ಎರಡನೇ ನಂಬರು ಕೋಲು ಅವರ ಹತ್ರ ಇದೆ. ಓಹೋ, ಈಗ ಅರ್ಥ ಆಯ್ತು ಬಿಡಿ!

ಅವರು ಒಂದನೇ ನಂಬರಿನ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ದರ್ಜಿಯ ಮೂಗಿನ ಕೆಳಗೆ ಹಿಡಿದರು.

ಅಂಗಡಿಯವರು: ಇದನ್ನ ತಗೊಂಡ್ಹೋಗಿ. ಬೀಗರು ನೋಡಿದ ತಕ್ಷಣ ಹೊಟ್ಟೆ ಉರ್ಕೊಂಡು ಕೆರೆಗೆ ಬೀಳಬೇಕು.

ದರ್ಜಿ: ಅಯ್ಯೋ ದೇವರೇ, ಅವರು ಬೀಳಬಾರದು ಅಂತಲೇ ಬಂದಿರೋದು!

ಹೆಂಡತಿ: ನಾನು ಹೇಳ್ತೀನಿ ತಾಳಿ. ನಾಲ್ಕು ತಿಂಗಳ ಹಿಂದೆ ನಮ್ಮ ಮಗಳ ಮದುವೆ ಆಯ್ತು. ಬೀಗರ ಕೋಟು ಇವರೇ ಹೊಲಿದ್ರು. ಫೋಟೋಕ್ಕೆ ಅಂತ ಅವರು ಎರಡು ಕೈ ಅಗಲ ಮಾಡಿ ಮಗನ್ನ ಸೊಸೇನ ತಬ್ಕೊಂಡ್ರು ನೋಡಿ, ಕೋಟು ಬೆನ್ನ ಮೇಲೆ ಮೇಲಿಂದ ಕೆಳಗೆ ಪರ್ ಅಂತ.

ಅಂಗಡಿಯವರು: ಅಯ್ಯಯ್ಯೋ.

ಹೆಂಡತಿ: ಅಷ್ಟಕ್ಕೆ ಸುಮ್ಮನಿದ್ರೆ ಮುಗೀತಿತ್ತು. ಈ ಮಹಾನುಭಾವರು ಊಟದ ಸಾಲಲ್ಲಿ ನಿಂತು, 'ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಂಡಿದ್ರು, ನಾನೇನು ಮಾಡ್ಲಿ' ಅಂದ್ರು. ಇನ್ನೂರು ಜನದ ಮುಂದೆ.

ದರ್ಜಿ: ಎಳ್ಕೊಂಡಿದ್ದು ನಿಜ!

ಹೆಂಡತಿ: ನಿಜಾನ ಮನೇಲಿ ಹೇಳಬೇಕಿತ್ತು. ಅವತ್ತಿಂದ ಬೀಗರಿಬ್ಬರಿಗೂ ಮಾತಿಲ್ಲ. ಈಗ ಅವರೇ ಒಂದು ಹೆಜ್ಜೆ ಮುಂದೆ ಬಂದು, ನಾಳೆ ಕೆರೆಗೆ ಬನ್ನಿ, ಬಾಸ್ ಹಿಡಿಯೋಣ ಅಂತ ಮಗಳ ಕೈಲಿ ಹೇಳಿ ಕಳಿಸಿದಾರೆ. ಮಗಳು ಫೋನಲ್ಲಿ ಅತ್ತುಬಿಟ್ಟಳು. 'ಈ ಮನೆ ಮಾತು ಆ ಮನೆಗೆ, ಆ ಮನೆ ಮಾತು ಈ ಮನೆಗೆ ಹೊತ್ತು ಸಾಕಾಯ್ತಮ್ಮ, ನಾಳೆ ಅಪ್ಪ ಕೆಡಿಸಬಾರದು' ಅಂತ.

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದ. ಮಗಳು ಅತ್ತದ್ದು ಅವನಿಗೆ ಚುಚ್ಚಿತ್ತು. ಆ ಸಂಕಟದಲ್ಲೇ ಅವನು ಎರಡು ರಾತ್ರಿ ಕೂತು ಈ ಮಹಾಯೋಜನೆ ಹೂಡಿದ್ದ.

ದರ್ಜಿ: ಅದಕ್ಕೇ ಹೇಳ್ತಿರೋದು ಸ್ವಾಮಿ. ಅವರ ಕೋಲಿಗಿಂತ ಒಳ್ಳೇದು ಹಿಡ್ಕೊಂಡು ಹೋದ್ರೆ, ಜಂಭ ತೋರಿಸೋಕೆ ಬಂದ ಅಂತಾರೆ. ತೀರಾ ಕಳಪೆ ಹಿಡ್ಕೊಂಡು ಹೋದ್ರೆ, ಕರೆದದ್ದಕ್ಕೂ ಬೆಲೆ ಕೊಡಲಿಲ್ಲ ಅಂತಾರೆ. ಸರಿಯಾಗಿ ಒಂದೇ ಮೆಟ್ಟಿಲು ಕೆಳಗಿರಬೇಕು. ಅವರದ್ದು ಎರಡಾ? ನನಗೆ ಮೂರು.

ಅಂಗಡಿಯವರು: ಇಷ್ಟು ಹೇಳೋಕೆ ಮುಕ್ಕಾಲು ಗಂಟೆನಾ! ಮೂರನೇದು ಬಹಳ ಒಳ್ಳೆ ಆಯ್ಕೆ ಸಾರ್. ನಿಜ ಹೇಳ್ಲಾ? ಒಂದು, ಎರಡರಲ್ಲಿ ಹೆಸರಿಗೂ ಬಣ್ಣಕ್ಕೂ ದುಡ್ಡು ಕೊಡ್ತೀರಿ. ಇದರಲ್ಲಿ ಬರೀ ಕೋಲಿಗೆ ಕೊಡ್ತೀರಿ. ಆರೂವರೆ ಅಡಿ, ಗ್ರಾಫೈಟು, ತುದಿ ಬಳುಕುತ್ತೆ, ಬುಡ ಗಟ್ಟಿ. ಕೊಟ್ಟ ಕಾಸಿಗೆ ಮೋಸ ಇಲ್ಲ.

ದರ್ಜಿಗೆ ಇನ್ನೊಬ್ಬರ ಅಳತೆಯ ಮೇಲೆ ನಂಬಿಕೆ ಇಲ್ಲ. ಟೇಪು ಎಳೆದು ಕೋಲಿನುದ್ದಕ್ಕೂ ಹಾಸಿದ.

ದರ್ಜಿ: ಅರವತ್ತು, ಮೇಲೆ ಹದಿನೆಂಟು. ಎಪ್ಪತ್ತೆಂಟು ಇಂಚು. ಸರಿ ಇದೆ. ಏ, ಇಲ್ಲಿ ನೋಡೇ! ಈ ಉಂಗುರಗಳನ್ನ ಕೋಲಿಗೆ ದಾರ ಸುತ್ತಿ ಕಟ್ಟಿದಾರೆ!

ಅಂಗಡಿಯವರು: ಹೌದು ಸಾರ್, ಗಾಳದ ದಾರ ಆ ಉಂಗುರದೊಳಗೇ ಹಾದು ಹೋಗೋದು.

ದರ್ಜಿ: ಸುತ್ತಿನ ಪಕ್ಕ ಸುತ್ತು ಹೇಗೆ ಕೂತಿದೆ ನೋಡಿ. ಒಂದೂ ಇನ್ನೊಂದರ ಮೇಲೆ ಹತ್ತಿಲ್ಲ. ಯಾರೋ ಕೈ ಪಳಗಿದವರು ಕಟ್ಟಿದಾರೆ. ನಿಮ್ಮ ಒಂದನೇ ನಂಬರು ಕೊಡಿ ಇಲ್ಲಿ... ಹಾಂ! ನಾಲ್ಕನೇ ಉಂಗುರದಲ್ಲಿ ದಾರ ಮೇಲೆ ಏರಿದೆ. ನನ್ನ ಅಂಗಡೀಲಿ ಯಾರಾದ್ರೂ ಹೀಗೆ ಮಾಡಿದ್ರೆ ಪೂರ್ತಿ ಬಿಚ್ಚಿಸ್ತಿದ್ದೆ.

ಅಂಗಡಿಯವರು ಕನ್ನಡಕ ಹಣೆಗೇರಿಸಿ ನೋಡಿದರು. ಏರಿತ್ತು. ಮೂವತ್ತು ವರ್ಷದಲ್ಲಿ ಅವರು ಅಂಥದ್ದನ್ನು ಗಮನಿಸಿರಲಿಲ್ಲ. ಅವರಿಗೆ ದರ್ಜಿಯ ಮೇಲೆ ಥಟ್ಟನೆ ಗೌರವ ಹುಟ್ಟಿತು, ಒಂದನೇ ನಂಬರಿನ ಮೇಲೆ ಸ್ವಲ್ಪ ಬೇಜಾರೂ ಆಯಿತು.

ಅಂಗಡಿಯವರು: ಒಮ್ಮೆ ಬೀಸಿ ನೋಡಿ ಸಾರ್. ಮಣಿಕಟ್ಟು ಮಾತ್ರ. ಮೆತ್ತಗೆ.

ದರ್ಜಿ ಇಡೀ ಮೈ ಬೀಸಿದ. ಮೇಲಿನ ಗೂಟದಲ್ಲಿದ್ದ ಟೋಪಿಗಳು ಒಂದೊಂದಾಗಿ ಕೆಳಗುರುಳಿದವು, ಕೊನೆಯದು ಸರಿಯಾಗಿ ಹೆಂಡತಿಯ ತಲೆಯ ಮೇಲೆ ಕೂತಿತು. ಅವಳು ಎದ್ದು ಬಂದು ಕೋಲು ಕಸಿದುಕೊಂಡು, ಟೋಪಿ ತೆಗೆಯದೆಯೇ ಮಣಿಕಟ್ಟು ತಿರುವಿದಳು. ತುದಿ ಸುಂಯ್ ಎಂದು ಹೋಗಿ ಕೌಂಟರಿನ ಗಂಟೆಯನ್ನು ಟಿಣ್ ಅನ್ನಿಸಿ ಬಂತು.

ಅಂಗಡಿಯವರು: ಅಮ್ಮ, ಮೊದಲೇ ಅಭ್ಯಾಸ ಇದೆಯಾ?

ಹೆಂಡತಿ: ಸೊಳ್ಳೆ ಓಡಿಸಿ ಅಭ್ಯಾಸ. ಬಿಲ್ ಹಾಕಿ.

ಅಂಗಡಿಯವರು: ಹಾಕ್ದೆ. ಮೂರನೇ ನಂಬರು ಒಂದು... ಆದ್ರೆ ಗಾರ್ಡ್ ಸಾಹೇಬರು ಬೆಳಿಗ್ಗೆ...

ಅಂಗಡಿಯವರು ಗಪ್ಪನೆ ಬಾಯಿ ಮುಚ್ಚಿಕೊಂಡರು.

ದರ್ಜಿ: ಬೆಳಿಗ್ಗೆ ಏನು?

ಅಂಗಡಿಯವರು: ಏನಿಲ್ಲ. ಬೆಳಿಗ್ಗೆ ಬಿಸಿಲಿತ್ತು.

ಹೆಂಡತಿ: ನೋಡಿ, ನಾನು ಈ ಮನುಷ್ಯನ ಹೊಟ್ಟೆಯಿಂದಲೇ ಮಾತು ಹೊರಡಿಸ್ತೀನಿ. ನೀವು ಯಾವ ಲೆಕ್ಕ? ಹೇಳಿ.

ಅಂಗಡಿಯವರು: ಹೇಳಬೇಡ ಅಂದಿದಾರಮ್ಮ! ಬೆಳಿಗ್ಗೆ ಅವರೂ ಬಂದಿದ್ರು. 'ನಮ್ಮ ಬೀಗರು ನಾಳೆ ಮೊದಲನೇ ಸಲ ಕೋಲು ಹಿಡೀತಾರೆ, ನನ್ನ ಕೈಲಿ ಭಾರಿ ಕೋಲಿದ್ರೆ ಅವರಿಗೆ ಮುಜುಗರ ಆಗುತ್ತೆ, ನಾಲ್ಕನೇ ನಂಬರಿಂದು ಕೊಡಿ' ಅಂತ ಕೇಳಿ ತಗೊಂಡು ಹೋದ್ರು.

ದರ್ಜಿ ಖಾಲಿಯಾದ ಸ್ಟೂಲಿನ ಮೇಲೆ ಕುಸಿದು ಕೂತ. ನಾಲ್ಕು ತಿಂಗಳು ತಾನು ಮನಸ್ಸಿನಲ್ಲೇ ಬೈದ ಮನುಷ್ಯ ಇವನೇನಾ ಎಂದು ಅವನಿಗೆ ನಾಚಿಕೆಯಾಯಿತು.

ದರ್ಜಿ: ನನಗೆ ಮುಜುಗರ ಆಗಬಾರದು ಅಂತ... ಹಾಗಂದ್ರಾ?

ಅಂಗಡಿಯವರು: ಹಾಗೇ ಅಂದ್ರು.

ದರ್ಜಿ (ಚಂಗನೆ ಎದ್ದು): ಹಾಗಾದ್ರೆ ಐದನೇದು ಕೊಡಿ!

ಹೆಂಡತಿ: ಶುರುವಾಯ್ತು.

ಅಷ್ಟರಲ್ಲಿ ಅಂಗಡಿಯ ಫೋನು ರಿಂಗಾಯಿತು. ಅಂಗಡಿಯವರು ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದದ್ದು ನೋಡಿಯೇ ಆಚೆ ಯಾರು ಎಂಬುದು ಗೊತ್ತಾಗುತ್ತಿತ್ತು.

ಗಾರ್ಡ್: ಏನಪ್ಪಾ, ನಮ್ಮ ಬೀಗರು ಬಂದಿದ್ರಾ? ಯಾವ ನಂಬರು ತಗೊಂಡ್ರು?

ದರ್ಜಿ ಉಸಿರೆತ್ತದೆ ಐದು ಬೆರಳು ತೋರಿಸಿದ.

ಅಂಗಡಿಯವರು: ಐದು ಸಾರ್.

ಗಾರ್ಡ್: ಐದಾ! ನನ್ನದು ನಾಲ್ಕು! ಛೇ, ಮಾನ ಹೋಯ್ತಲ್ಲಯ್ಯ. ನನಗೊಂದು ಆರನೇದು ಎತ್ತಿಡು.

ದರ್ಜಿ (ಪಿಸುಮಾತಲ್ಲಿ): ಏಳು! ಏಳು ಅನ್ನಿ!

ಅಂಗಡಿಯವರು: ಸಾರ್, ಬೀಗರು ಮನಸ್ಸು ಬದಲಾಯಿಸಿ ಏಳು ತಗೊಂಡ್ರು.

ಗಾರ್ಡ್: ಏಳರ ಕೆಳಗೆ ಏನಿದೆ?

ಅಂಗಡಿಯವರು: ಏಳಕ್ಕೇ ಮುಗೀತು ಸಾರ್. ಅದರ ಕೆಳಗೆ ಮಕ್ಕಳ ಕೋಲು. ಕೆಂಪು ಬಣ್ಣ, ಹಿಡಿ ಮೇಲೆ ಬಾತುಕೋಳಿ ಚಿತ್ರ.

ಗಾರ್ಡ್: ಅದನ್ನೇ ಕೊಡು!

ದರ್ಜಿ: ಬಾತುಕೋಳಿ ನಂದು! ನಾನು ಅಂಗಡೀಲೇ ಇದೀನಿ!

ಕೂಗಿದ ಮೇಲೆ ಅವನಿಗೆ ಅರಿವಾಯಿತು. ಹೆಂಡತಿ ಫೋನು ಇಸಿದುಕೊಂಡು ಗಂಡನ ಕಿವಿಗೆ ಒತ್ತಿ ಹಿಡಿದಳು.

ಗಾರ್ಡ್: ...ಬೀಗರೇ?

ದರ್ಜಿ: ಹೂಂ, ಬೀಗರೇ.

ಗಾರ್ಡ್: ಆರೋಗ್ಯನಾ?

ದರ್ಜಿ: ಆರೋಗ್ಯ. ನೀವು?

ಗಾರ್ಡ್: ಇದೀನಿ. ಬೀಗರೇ, ಒಂದು ಮಾತು. ಅವತ್ತು ಕೋಟಿಗೆ ಅಳತೆ ಕೊಡುವಾಗ... ಉಸಿರು ಹಿಡಿದಿದ್ದೆ.

ದರ್ಜಿ: ಗೊತ್ತಿತ್ತು. ನಿಮ್ಮ ಮುಖ ಕೆಂಪಗಾಗಿತ್ತು. ಗೊತ್ತಿದ್ದೂ ಒಳಗಡೆ ಎರಡು ಇಂಚು ಬಟ್ಟೆ ಬಿಡಲಿಲ್ಲ. ಅನುಭವಿಸಲಿ ಅಂದ್ಕೊಂಡೆ. ತಪ್ಪು ನಂದು.

ಗಾರ್ಡ್: ಛೆ ಛೆ, ತಪ್ಪು ನಂದು.

ದರ್ಜಿ: ನಂದು ಅಂದೆನಲ್ಲ!

ಗಾರ್ಡ್: ಹೊಟ್ಟೆ ಎಳೆದದ್ದು ನಾನು!

ದರ್ಜಿ: ಕತ್ತರಿ ಹಿಡಿದದ್ದು ನಾನು! ನನ್ನ ತಪ್ಪಿನಲ್ಲಿ ಪಾಲು ಕೇಳಬೇಡಿ!

ಗಾರ್ಡ್: ಹಾಗಾದ್ರೆ ಬಾತುಕೋಳಿ ನನಗೆ ಬಿಡಿ!

ಹೆಂಡತಿ ಫೋನು ಕಿತ್ತುಕೊಂಡಳು. ಗಂಡನ ಕಣ್ಣು ಒದ್ದೆಯಾಗಿತ್ತು, ನಗು ಮಾತ್ರ ಕಿವಿಯವರೆಗೆ ಹರಡಿತ್ತು.

ಹೆಂಡತಿ: ಬೀಗರೇ, ಸಾಕು. ಬಾತುಕೋಳಿ ನಿಮಗೆ. ಇಲ್ಲಿ ಕಪ್ಪೆ ಚಿತ್ರದ್ದೂ ಒಂದಿದೆ, ಅದು ಇವರಿಗೆ. ಫೋನು ಬೀಗಿತ್ತಿಗೆ ಕೊಡಿ.

ಬೀಗಿತ್ತಿ: ಹೇಳಿ, ಎಲ್ಲಾ ಕೇಳಿಸ್ಕೊಂಡೆ. ಇಡೀ ಬೀದಿ ಕೇಳಿಸ್ಕೊಂಡಿದೆ.

ಹೆಂಡತಿ: ಅವರ ಎರಡನೇ ನಂಬರು ಕೋಲು ಎಲ್ಲಿದೆ?

ಬೀಗಿತ್ತಿ: ಅಟ್ಟದ ಮೇಲೆ ಕಂಬಳಿ ಸುತ್ತಿ ಬಚ್ಚಿಟ್ಟಿದಾರೆ.

ಹೆಂಡತಿ: ಇಳಿಸಿ, ಅದು ನಿಮಗೆ. ನಾನು ಇಲ್ಲಿ ಮೂರನೇದು ತಗೊಂಡೆ. ನಾಳೆ ನಾವೂ ಬರೋಣ.

ಬೀಗಿತ್ತಿ: ಒಂದನೇದೇ ತಗೊಳ್ಳಿ, ನಂದೇನೂ ಅಡ್ಡಿ ಇಲ್ಲ. ಮೀನು ಬಿದ್ರೆ ಸಾಕು.

ಹೆಂಡತಿ: ಒಂದನೇದರ ದಾರ ಸರಿ ಇಲ್ವಂತೆ. ನಾಳೆ ಸಿಗೋಣ.

ಗಂಡಸರ ಜಗಳ ನಾಲ್ಕು ತಿಂಗಳು ಎಳೆದಿದ್ದರೂ ಹೆಂಗಸರ ಮಾತು ಮುಗಿಯಲು ಅರ್ಧ ನಿಮಿಷ ಸಾಕಾಯಿತು. ಅಂಗಡಿಯವರು ಮೂರನೇ ನಂಬರಿನ ಚೀಟಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಬಾತುಕೋಳಿಯನ್ನೂ ಕಪ್ಪೆಯನ್ನೂ ಪೆಟ್ಟಿಗೆಗೆ ಹಾಕಿ ದರ್ಜಿಗೆ ಕೊಟ್ಟರು. ಅವನು ಅವೆರಡನ್ನೂ ಮಗು ಎತ್ತಿದ ಹಾಗೆ ಎದೆಗೊತ್ತಿಕೊಂಡ.

ದರ್ಜಿ: ಅಲ್ವೇ, ನಾವು ಗಂಡಸರು ಏನೋ ಮಾತಾಡ್ಕೊಂಡು ಕೂತಿರ್ತೀವಿ. ನೀವಿಬ್ಬರು ಆ ಬಿಸಿಲಲ್ಲಿ ಯಾಕೆ?

ಹೆಂಡತಿ: ಆ ಪೆಟ್ಟಿಗೆ ಮೇಲೆ ಸಣ್ಣಕ್ಷರದಲ್ಲಿ ಏನೋ ಬರೆದಿದೆ, ಓದಿ.

ದರ್ಜಿ (ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು): 'ನಾಲ್ಕರಿಂದ ಏಳು ವರ್ಷದವರಿಗೆ. ದೊಡ್ಡವರು ಜೊತೆಯಲ್ಲಿ ಇದ್ದಾಗ ಮಾತ್ರ ಬಳಸತಕ್ಕದ್ದು.'

ಹೆಂಡತಿ: ಅದಕ್ಕೇ ನಾವು ಬರ್ತಿರೋದು. ನಡೀರಿ.