ಮೀನುಂಡೆ ಕಾರ್ಖಾನೆ ಜಾಗದ ಅಧಿಕೃತ ಪಾಳು

ನಗರ ಸ್ಥಳಗಳ ಪುನಶ್ಚೇತನ ನಿಯಮಾವಳಿಯ ಏಳನೇ ಕಲಮಿನ ಪ್ರಕಾರ, ಒಂದು ಜಾಗ ಪಾಳುಬಿದ್ದಿದೆ ಎನ್ನಲು ಅದು ಪಾಳುಬಿದ್ದಿದ್ದರಷ್ಟೇ ಸಾಲದು; ವಲಯ ಕಚೇರಿಯವರು ಬಂದು, ನೋಡಿ, ಮೊಹರು ಒತ್ತಿರಬೇಕು. ತೈನಾನ್ ನಗರದ ನಮ್ಮ ಬಡಾವಣೆಯಲ್ಲಿ ಹಳೇ ಮೀನುಂಡೆ ಕಾರ್ಖಾನೆ ಕುಸಿದ ಜಾಗ ಹನ್ನೊಂದು ವರ್ಷದಿಂದ ಮೊಹರಿಲ್ಲದೆ, ಅಂದರೆ ಅನಧಿಕೃತವಾಗಿ, ಪಾಳುಬಿದ್ದಿತ್ತು.

ಆ ಜಾಗದ ಅಂಚಿಗೇ ಸಂಜೆ ಆರೂ ನಲವತ್ತರ ಸುಮಾರಿಗೆ ಕಸದ ಲಾರಿ ಪಿಯಾನೋ ಹಾಡು ಹಾಕಿಕೊಂಡು ಬರುತ್ತದೆ. ಕಸದ ಚೀಲ ನೆಲ ಮುಟ್ಟಬಾರದು, ಕೈಯಾರೆ ಲಾರಿಗೇ ಹಾಕಬೇಕೆಂಬುದು ಕಾನೂನು. ಆದ್ದರಿಂದ ನಲವತ್ತು ಮನೆಯವರು ಚೀಲ ಹಿಡಿದು ಇಪ್ಪತ್ತು ನಿಮಿಷ ಮೊದಲೇ ನಿಂತಿರುತ್ತೇವೆ. ಯುಲಾನ್ ಅಜ್ಜಿಗೆ ಎಪ್ಪತ್ತೊಂಬತ್ತು ವರ್ಷ. ಎಡಮಂಡಿ ಸ್ವಂತದ್ದು, ಬಲಮಂಡಿ ಆಸ್ಪತ್ರೆಯದ್ದು. ಅವರಿಗೆ ಅಲ್ಲೊಂದು ಬೆಂಚು ಬೇಕಿತ್ತು. ಅಷ್ಟೇ.

ಬಡಾವಣೆ ಸಂಘದ ಕಾರ್ಯದರ್ಶಿಯಾದ ನಾನು ವಾಸ್ತುಶಿಲ್ಪ ಕಾಲೇಜಿಗೆ ಪತ್ರ ಬರೆದೆ. ಹನ್ನೊಂದು ಜನ ವಿದ್ಯಾರ್ಥಿಗಳು ಬಂದರು. ಅವರ ಮುಂದಾಳು ಪಿನ್‌ರೊಂಗ್ ಎಂಬ ಹುಡುಗಿ ಟಿಪ್ಪಣಿ ಪುಸ್ತಕ ಬಿಚ್ಚಿದಳು.

"ಅಜ್ಜಿ, ಈ ಜಾಗದ ಬಗ್ಗೆ ನಿಮ್ಮ ಕನಸೇನು?"

"ಕೂತ್ಕೋಬೇಕು ಕಣಮ್ಮ."

"ಕೂತ್ಕೊಂಡು?"

"ಕೂತ್ಕೊಂಡು ಇನ್ನೇನು ಮಾಡ್ಲಿ, ಕೂತಿರ್ತೀನಿ."

ಪಿನ್‌ರೊಂಗ್ ಇದನ್ನು 'ಆಸೀನತೆಯ ಸಾಮುದಾಯಿಕ ಹಂಬಲ' ಎಂದು ಬರೆದುಕೊಂಡಳು. ಮೂರು ವಾರದಲ್ಲಿ ನಲವತ್ತಮೂರು ನಕ್ಷೆಗಳು ತಯಾರಾದವು. ಆ ಪೈಕಿ ಎರಡರಲ್ಲಿ ಬೆಂಚು ಇತ್ತು.

ತಪ್ಪು ನಡೆದದ್ದು ಭಾನುವಾರ. ವಿದ್ಯಾರ್ಥಿಗಳು ಉತ್ಸಾಹ ತಡೆಯಲಾರದೆ ಕಳೆ ಕಿತ್ತು ಜಾಗವನ್ನು ಗುಡಿಸಿಬಿಟ್ಟರು. ಸೋಮವಾರ ನಮ್ಮ ಅರ್ಜಿಯ ಮೇರೆಗೆ ವಲಯ ಕಚೇರಿಯ ಫಾಂಗ್ ಸಾಹೇಬರು ಪಾಳು ಪರಿಶೀಲನೆಗೆ ಬಂದು, ಸುತ್ತ ನೋಡಿ, ಪೆನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಇದು ಪಾಳುಬಿದ್ದಿಲ್ಲ."

"ನಿನ್ನೆವರೆಗೂ ಬಿದ್ದಿತ್ತು ಸಾರ್," ಎಂದಳು ಪಿನ್‌ರೊಂಗ್.

"ನಿನ್ನೆ ನಾನು ಬಂದಿರ್ಲಿಲ್ವಲ್ಲಮ್ಮ. ಪಾಳುಬಿದ್ದಿದ್ರೆ ಮಾತ್ರ ಪುನಶ್ಚೇತನ. ಪುನಶ್ಚೇತನ ಆದ್ರೆ ಮಾತ್ರ ಬೆಂಚು. ಈಗಿದು ಬರೀ ಖಾಲಿ ಜಾಗ. ಖಾಲಿ ಜಾಗಕ್ಕೆ ನಮ್ಮಲ್ಲಿ ಫಾರಂ ಇಲ್ಲ."

ಆದರೆ ಅವರು ಕಟುಕರಲ್ಲ. ಮೂವತ್ತು ದಿನದೊಳಗೆ ಜಾಗವನ್ನು ಮರಳಿ ಪಾಳುಗೆಡವಿದಲ್ಲಿ ಅರ್ಜಿಯನ್ನು ಜೀವಂತವಾಗಿಡಬಹುದೆಂದು ತಿಳಿಸಿ, ಪರಿಶೀಲನಾ ಪಟ್ಟಿಯ ಪ್ರತಿ ಕೊಟ್ಟುಹೋದರು. ಮಂಡಿಯೆತ್ತರದ ಕಳೆ, ಕೆಟ್ಟುನಿಂತ ಸ್ಕೂಟರು, ಮುರಿದ ಪೀಠೋಪಕರಣ, ಸೊಳ್ಳೆ.

"ಯಾರ ಮಂಡಿ?" ಎಂದು ಕೇಳಿದ ವಿದ್ಯಾರ್ಥಿಯೊಬ್ಬನಿಗೆ ಯುಲಾನ್ ಅಜ್ಜಿ ತಮ್ಮ ಬಲಮಂಡಿ ತೋರಿಸಿದರು. "ಇದನ್ನ ಅಳ್ಕೋ ಮಗಾ. ಸರ್ಟಿಫಿಕೇಟು ಇದೆ."

ಕಿತ್ತ ಕಳೆಯನ್ನು ಮತ್ತೆ ನೆಡಲಾಯಿತು. ಬಿಸಿಲಿಗೆ ಬಾಡತೊಡಗಿದಾಗ ಮನೆಗೊಂದು ದಿನದಂತೆ ನೀರಿನ ಸರದಿ ಹಾಕಿದೆವು. ಬೇಲಿಗೆ ಫಲಕ ಬಿತ್ತು: 'ಸಾರ್ವಜನಿಕರ ಗಮನಕ್ಕೆ. ಕಳೆಯನ್ನು ತುಳಿಯಬಾರದು. ಪಾಳುಗೆಡಹುವ ಕಾಮಗಾರಿ ಪ್ರಗತಿಯಲ್ಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.' ಕಾಲೇಜಿನ ಪ್ರಾಧ್ಯಾಪಕರು ಬಂದು, ನಾವು ತಂದುಹಾಕಿದ ಕೆಟ್ಟ ಸ್ಕೂಟರು ಬಿದ್ದಿರುವ ರೀತಿಯಲ್ಲಿ ಪ್ರಾಮಾಣಿಕತೆ ಸಾಲದೆಂದರು. ಅದನ್ನು ಎತ್ತಿ ಒಂಬತ್ತು ಸಲ ಬೀಳಿಸಲಾಯಿತು. ಒಂಬತ್ತನೆಯದಕ್ಕೆ ಅವರು ಕಣ್ಣೊರೆಸಿಕೊಂಡರು.

ಕರೋಕೆ ಅಂಗಡಿಯವನು ಕೆಂಪು ಸೋಫಾ ಕೊಟ್ಟ. ಅದು ಗಟ್ಟಿಮುಟ್ಟಾಗಿದ್ದರಿಂದ, ನಿಯಮಕ್ಕೆ ಸರಿಹೊಂದಲೆಂದು ಒಂದು ಕಾಲು ಕೊಯ್ದು ಇಟ್ಟಿಗೆಯ ಆಸರೆ ಕೊಟ್ಟರು. ಅಂದು ಸಂಜೆ ಯುಲಾನ್ ಅಜ್ಜಿ ಅದರ ಮೇಲೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಲಾರಿ ಬರುವವರೆಗೆ ಏಳಲಿಲ್ಲ.

ಮೂವತ್ತನೆಯ ದಿನ ಫಾಂಗ್ ಸಾಹೇಬರು ಬಂದರು. ಕಳೆ ಅಳೆದರು. ಸ್ಕೂಟರಿನ ಮುಂದೆ ಬಹಳ ಹೊತ್ತು ನಿಂತರು. ನೂರಕ್ಕೆ ತೊಂಬತ್ತೇಳು ಅಂಕ ಕೊಟ್ಟು ಮೊಹರು ಒತ್ತಿದರು. ನಾವು ಚಪ್ಪಾಳೆ ತಟ್ಟಿದೆವು. ಒಂದು ವಾರದಲ್ಲಿ ಆದೇಶ ಬಂತು. ಇಷ್ಟು ಉತ್ಕೃಷ್ಟವಾದ ಪಾಳು ನಗರದಲ್ಲಿ ಬೇರೆಲ್ಲೂ ಕಂಡುಬಾರದ ಕಾರಣ, ಇದನ್ನು 'ಮಾದರಿ ಪಾಳು ಸ್ಥಳ' ಎಂದು ಘೋಷಿಸಲಾಗಿದೆ. ಇಲ್ಲಿ ಯಾವುದೇ ಪುನಶ್ಚೇತನ ಶಾಶ್ವತವಾಗಿ ನಿಷಿದ್ಧ.

ಆದೇಶ ತಂದು ಓದಿಹೇಳಿದ ಫಾಂಗ್ ಸಾಹೇಬರತ್ತ ಪಿನ್‌ರೊಂಗ್ ನೋಡಿದಳು. "ಅಂದ್ರೆ ಬೆಂಚು?"

"ಬರಲ್ಲಮ್ಮ."

ಯುಲಾನ್ ಅಜ್ಜಿ ಸೋಫಾದ ಮೇಲಿಂದಲೇ ಕೇಳಿದರು, "ಈ ಸೋಫಾ?"

"ಅದು ಪಾಳಿನ ಅವಿಭಾಜ್ಯ ಅಂಗ. ಯಾರೂ ಅಲ್ಲಾಡಿಸೋ ಹಾಗಿಲ್ಲ."

"ನಾನಂತೂ ಅಲ್ಲಾಡಲ್ಲ. ಕೂತಿರ್ಬೋದಾ?"

ಸಾಹೇಬರು ನಿಯಮಾವಳಿ ತಿರುವಿಹಾಕಿದರು. ಕೂತರೆ ಅದು ಬಳಕೆ, ಬಳಕೆಯಾದರೆ ಪಾಳಲ್ಲ. ಯುಲಾನ್ ಅಜ್ಜಿ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ ಸಾಹೇಬರಿಗೆ ಅಡಿಟಿಪ್ಪಣಿಯೊಂದು ಸಿಕ್ಕಿತು: ಬಳಕೆ ಎಂದರೆ 'ಸುಖಾನುಭವದಿಂದ ಕೂಡಿದ ಉಪಯೋಗ'.

"ಸುಖ ಪಡದೆ ಕೂರಬಹುದು," ಎಂದರು.

"ಎಷ್ಟು ಹೊತ್ತು?"

"ಸುಖ ಆಗೋವರೆಗೂ."

ಈ ವ್ಯವಸ್ಥೆ ಎಲ್ಲರಿಗೂ ಒಪ್ಪಿಗೆಯಾಯಿತು. ವಿದ್ಯಾರ್ಥಿಗಳು ಮೊದಲ ದರ್ಜೆಯಲ್ಲಿ ಪಾಸಾದರು. ಪಕ್ಕದ ಬಡಾವಣೆಯವರು ತಮ್ಮ ಉದ್ಯಾನವನ್ನೂ ಪಾಳುಗೆಡವಿಕೊಡಿ ಎಂದು ಪಿನ್‌ರೊಂಗ್‌ಳ ಹಿಂದೆ ಬಿದ್ದಿದ್ದಾರೆ. ಯುಲಾನ್ ಅಜ್ಜಿ ದಿನಾ ಸಂಜೆ ಹುಬ್ಬು ಗಂಟಿಕ್ಕಿಕೊಂಡು ಸೋಫಾದಲ್ಲಿ ಕೂರುತ್ತಾರೆ. ಪ್ರತಿ ಗುರುವಾರ ಫಾಂಗ್ ಸಾಹೇಬರು ಬಂದು ಅವರ ಮುಖ ಪರಿಶೀಲಿಸಿ ಸಹಿ ಹಾಕುತ್ತಾರೆ. ಮೊನ್ನೆ ಸಹಿ ಹಾಕಿದ ಮೇಲೆ, ಬೆಳಗಿನಿಂದ ಆರು ಜಾಗ ಸುತ್ತಿದ್ದೇನೆಂದು ಹೇಳಿ, ಪಕ್ಕದಲ್ಲೇ ಕೂತು ಕಾಲು ಚಾಚಿ, ಉಸ್ಸೆಂದರು.

"ಮುಖ ಗಂಟು ಹಾಕ್ಕೋ ಮಗಾ," ಎಂದರು ಯುಲಾನ್ ಅಜ್ಜಿ, ಮುಂದೆಯೇ ನೋಡುತ್ತ. "ಜನ ನೋಡ್ತಿದಾರೆ."

ಸಾಹೇಬರು ಗಂಟು ಹಾಕಿಕೊಂಡರು. ನಾವು ಉಳಿದವರು ಸರದಿಯಲ್ಲಿ ನಿಂತು ಗಂಟಿಕ್ಕುವುದನ್ನು ಅಭ್ಯಾಸ ಮಾಡುತ್ತಿದ್ದೇವೆ.