ಬಿಚ್ಚಬಹುದಾದ ಬ್ರೌಸರು

ಸ್ಟಾಕ್‌ಹೋಮಿನ ಒಂದು ಪುಟ್ಟ ಬ್ರೌಸರ್ ಕಂಪನಿಯನ್ನು ಉದ್ಧಾರ ಮಾಡಲೆಂದೇ ನಾನು ಬೆಂಗಳೂರಿನಲ್ಲಿ ವಿಮಾನ ಹತ್ತಿದ್ದೆ. ಈ ವಿಷಯ ಕಂಪನಿಗೆ ಮಾತ್ರ ಗೊತ್ತಿರಲಿಲ್ಲ! ಎಲ್ಲರ ಜೇಬಿನಲ್ಲೂ ಇನ್ನೂ ಬಟನ್ ಫೋನುಗಳಿದ್ದ ಕಾಲ ಅದು. ಆರು ತಿಂಗಳ ಪ್ರೊಬೇಷನ್. ಅಷ್ಟರೊಳಗೆ ಕೆಲಸ ಖಾಯಂ ಆಗದಿದ್ದರೆ ನಾನು, ಹೆಂಡತಿ ಸುಮಾ, ಎರಡು ಸೂಟ್‌ಕೇಸು ಮತ್ತು ಒಂದು ಇಡ್ಲಿ ಪಾತ್ರೆ ವಾಪಸು ಹೊರಡಬೇಕಿತ್ತು.

ಐದನೇ ತಿಂಗಳಲ್ಲಿ ಅವಕಾಶ ಬಂತು. ಬುಕ್‌ಮಾರ್ಕು, ಹಿಸ್ಟರಿ ಮುಂತಾದವನ್ನು ಬ್ರೌಸರಿನ ಹೊಟ್ಟೆಯೊಳಗೇ ಕಟ್ಟಬೇಕೋ, ಇಲ್ಲಾ ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಬಿಚ್ಚುವ ಎಕ್ಸ್‌ಟೆನ್ಶನ್‌ಗಳಾಗಿ ಕಟ್ಟಬೇಕೋ ಎಂಬ ಚರ್ಚೆ. ಸ್ವೀಡನ್ನಿನಲ್ಲಿ ಇಂಥ ಘನ ವಿಚಾರಗಳು ಇತ್ಯರ್ಥವಾಗುವುದು ಫೀಕಾದಲ್ಲಿ, ಅಂದರೆ ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ದಿವ್ಯ ಸನ್ನಿಧಿಯಲ್ಲಿ. ಎಲ್ಲರೂ ಒಪ್ಪುವ ತನಕ ಯಾರೂ ಏನೂ ಮಾಡುವಂತಿಲ್ಲ. ಬನ್ನು ಖರ್ಚಾಗುತ್ತಿತ್ತೇ ಹೊರತು ತೀರ್ಮಾನ ಆಗುತ್ತಿರಲಿಲ್ಲ.

ನಾನು ತಡೆಯಲಾರದೆ ಎದ್ದು ನಿಂತೆ. "ಎಲ್ಲವೂ ಎಕ್ಸ್‌ಟೆನ್ಶನ್ ಆಗಲಿ! ಎಲ್ಲವೂ!"

ಫೀಕಾದಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ. ಮ್ಯಾನೇಜರ್ ಯೋರಾನ್ ಬನ್ನನ್ನು ಮೆಲ್ಲಗೆ ಕೆಳಗಿಟ್ಟು, "ಇಂಟರೆಸ್ಟಿಂಗ್," ಎಂದರು. ಉಳಿದವರು ಮಾತೇ ಆಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ! ಅಂದೇ ಕೆಲಸ ಶುರು ಮಾಡಿದೆ. ಅಲ್ಲಿ ಮೌನಕ್ಕೆ 'ಇನ್ನೂ ಯೋಚಿಸೋಣ, ದಯವಿಟ್ಟು ಕುಳಿತುಕೊಳ್ಳಿ' ಎಂದು ಅರ್ಥ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮೂರು ವಾರ ನನಗೆ ಹುಚ್ಚೇ ಹಿಡಿದಿತ್ತು. ಬುಕ್‌ಮಾರ್ಕು, ಹಿಸ್ಟರಿ, ವಿಳಾಸ ಬರೆಯುವ ಪಟ್ಟಿ, ಕಿಟಕಿ ಮುಚ್ಚುವ ಗುಂಡಿ, ಎಲ್ಲವನ್ನೂ ಬಿಚ್ಚುವಂತೆ ಮಾಡಿದೆ. ಯಾವ ಎಕ್ಸ್‌ಟೆನ್ಶನ್ ಇರಬೇಕು, ಯಾವುದು ಹೋಗಬೇಕು ಎಂದು ಆರಿಸುವ ಒಂದು ಲಿಸ್ಟ್ ಇರುತ್ತದಲ್ಲ, ಕೊನೆಗೆ ಅದನ್ನೂ ಎಕ್ಸ್‌ಟೆನ್ಶನ್ ಮಾಡಿಬಿಟ್ಟೆ!

ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಫ್ಲಾಟಿನಲ್ಲಿ ಸುಮಾ ಸಾರು ಬಡಿಸುತ್ತಾ ಕೇಳಿದಳು. "ಅಲ್ಲಾರೀ, ಆ ಲಿಸ್ಟನ್ನೇ ಯಾರಾದ್ರೂ ತೆಗೆದ್ಬಿಟ್ರೆ ವಾಪಸ್ ಹೇಗೆ ತರೋದು? ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗಾಗಲ್ವಾ?"

"ನೀನೊಬ್ಬಳು! ಅಂಥ ಪೆದ್ದ ಯಾರಿರ್ತಾನೆ?" ಎಂದು ನಕ್ಕು, ಇನ್ನೊಂದು ಸೌಟು ಹಾಕಿಸಿಕೊಂಡೆ.

ನನ್ನ ಕೆಲಸದ ಪ್ರದರ್ಶನದ ದಿನ ಇಡೀ ಕಂಪನಿ ಸೇರಿತ್ತು. "ನೋಡಿ, ಬುಕ್‌ಮಾರ್ಕು ಬೇಡವೇ?" ಕ್ಲಿಕ್. ಹೋಯಿತು! ಹಿಸ್ಟರಿ? ಕ್ಲಿಕ್. ವಿಳಾಸದ ಪಟ್ಟಿ? ಮುಚ್ಚುವ ಗುಂಡಿ? ಕ್ಲಿಕ್, ಕ್ಲಿಕ್. ಯಾರೋ ಒಬ್ಬರು ತಲೆದೂಗಿದರು. ಸ್ವೀಡನ್ನಿನಲ್ಲಿ ಅದು ಸೀಟಿ ಹೊಡೆದದ್ದಕ್ಕೆ ಸಮ! ಆ ಹುಮ್ಮಸ್ಸಿನಲ್ಲಿ ಕೈ ನಿಲ್ಲಲಿಲ್ಲ. ಇನ್ನೊಂದು ಕ್ಲಿಕ್ ಮಾಡಿದೆ.

ಲಿಸ್ಟೇ ಮಾಯ!

ಆ ಪೆದ್ದ ಸಿಕ್ಕಿದ್ದ.

"ಚೆನ್ನಾಗಿದೆ," ಎಂದರು ಯೋರಾನ್. "ಈಗ ಎಲ್ಲವನ್ನೂ ವಾಪಸು ತನ್ನಿ."

"ಅದಕ್ಕೆ ಆ ಲಿಸ್ಟ್ ಬೇಕು ಸರ್."

"ಅದನ್ನು ನಮ್ಮ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದಲ್ಲ?"

"ವಿಳಾಸ ಬರೆಯುವ ಜಾಗ ಹೋಗಿದೆ ಸರ್."

"ಹೋಗಲಿ, ಮುಚ್ಚಿಬಿಡಿ."

ಮುಚ್ಚುವ ಗುಂಡಿಯನ್ನು ನಾನೇ ಕಿತ್ತಿದ್ದೆನಲ್ಲ! ಗೋಡೆಯ ಮೇಲೆ ಖಾಲಿ ಬಿಳೀ ಪರದೆ ಹೊಳೆಯುತ್ತಿತ್ತು. ಯೋರಾನ್ ಎದ್ದು ಬಂದು, ಮಂಡಿಯೂರಿ, ಅತ್ಯಂತ ಸೌಜನ್ಯದಿಂದ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ಅಷ್ಟೂ ಫೀಕಾಗಳಲ್ಲಿ ಆಗದ ಒಮ್ಮತ ಆ ಕ್ಷಣದಲ್ಲಿ ಆಯಿತು: ಬ್ರೌಸರಿಗೆ ಅನಿವಾರ್ಯವಾದದ್ದೆಲ್ಲ ಹೊಟ್ಟೆಯೊಳಗೇ ಇರತಕ್ಕದ್ದು.

ಮನೆಗೆ ಬಂದವನೇ ಅಟ್ಟದಿಂದ ಸೂಟ್‌ಕೇಸು ಇಳಿಸಿದೆ. ಅವಮಾನಕ್ಕಿಂತ ಹೆಚ್ಚಾಗಿ, ಸುಮಾಳ ಮುಖ ನೋಡಲು ಸಂಕಟವಾಗುತ್ತಿತ್ತು. ಅವಳು ಸೂಟ್‌ಕೇಸನ್ನು ವಾಪಸು ಮೇಲಿಟ್ಟಳು.

ಮರುವಾರ ಯೋರಾನ್ ಒಂದು ಲಕೋಟೆ ಕೊಟ್ಟರು. ತೆರೆಯಲು ಧೈರ್ಯ ಸಾಲದೆ ಮನೆಗೆ ತಂದು ಸುಮಾಳ ಕೈಗಿಟ್ಟೆ. ಓದುತ್ತಾ ಅವಳ ಕಣ್ಣು ಅರಳಿತು.

"ರೀ, ಕೆಲಸ ಖಾಯಂ! ಆದ್ರೆ ಇಂಜಿನಿಯರ್ ಅಂತಿಲ್ಲ, ಟೆಸ್ಟಿಂಗ್ ಅಂತಿದೆ. ಯಾವ ವಸ್ತು ಕೊಟ್ರೂ ಹತ್ತೇ ನಿಮಿಷದಲ್ಲಿ ಹಾಳು ಮಾಡೋ ಅಪರೂಪದ ಕೈಗುಣ ನಿಮಗಿದೆಯಂತೆ!"

"ಸದ್ಯ, ಗುರುತಿಸಿದರಲ್ಲ," ಎಂದೆ ಗಂಭೀರವಾಗಿ.

"ಮದುವೆಯಾದ ಮೊದಲನೇ ವಾರ ನೀವು ಮಿಕ್ಸಿ ರಿಪೇರಿ ಮಾಡಿದ್ರಲ್ಲ, ನಂಗೆ ಅವತ್ತೇ ಗೊತ್ತಾಗಿತ್ತು. ನಿಮ್ಮ ಕಂಪನಿಯವರಿಗೆ ಆರು ತಿಂಗಳು ಬೇಕಾಯ್ತಾ?"